ಜೋಡಿಯಿಲ್ಲದ ಚುಕ್ಕಿ

ನಮ್ಮ ಕಸುಬಿನಲ್ಲಿ ಪೂರ್ತಿ ಚಿತ್ರ ಬರೆಯುವವನನ್ನು ದಡ್ಡ ಅನ್ನುತ್ತಾರೆ. ಕಮಲವಿರಲಿ, ಕಳಸವಿರಲಿ, ಎದುರುಬದುರು ನಿಂತ ನವಿಲುಗಳಿರಲಿ, ಎಡಗಡೆಯ ಅರ್ಧ ಬರೆದರೆ ಸಾಕು. ಬಲಗಡೆಯದು ಅದರ ಕನ್ನಡಿ. "ಅರ್ಧಾ ಬರಿ, ಅರ್ಧಾ ಮಡಚು" ಎಂದು ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು. ಬೆಟಗೇರಿಯಲ್ಲಿ ಮಗ್ಗಗಳಿಗೆ ಡಿಸೈನ್ ಕಾರ್ಡು ಹೊಡೆದುಕೊಡುವ ಸಣ್ಣ ಅಂಗಡಿ ನನ್ನದು. ಕಾರ್ಡಿನಲ್ಲಿ ತಪ್ಪು ಬಂತು ಎಂದು ವಾಪಸು ತಂದವರು ಯಾರೂ ಇರಲಿಲ್ಲ. ಅದರ ಸೊಕ್ಕು ನನಗೆ ಸಾಕಷ್ಟಿತ್ತು.

ಕಾರ್ಡು ಅಂದರೆ ದಪ್ಪ ರಟ್ಟಿನ ಉದ್ದ ಪಟ್ಟಿ. ಗ್ರಾಫ್ ಹಾಳೆಯ ಮೇಲೆ ಬರೆದ ಚಿತ್ರದ ಒಂದೊಂದು ಸಾಲಿಗೆ ಒಂದೊಂದು ಕಾರ್ಡು. ಬಣ್ಣ ತುಂಬಿದ ಚೌಕಕ್ಕೆ ತೂತು ಹೊಡೆಯಬೇಕು, ಖಾಲಿ ಚೌಕವನ್ನು ಹಾಗೇ ಬಿಡಬೇಕು. ಕಾರ್ಡುಗಳನ್ನೆಲ್ಲ ದಾರದಿಂದ ಸರಪಳಿಯ ಹಾಗೆ ಹೆಣೆದು ಮಗ್ಗದ ನೆತ್ತಿಯ ಮೇಲಿರುವ ಜಕಾರ್ಡ್ ಯಂತ್ರಕ್ಕೆ ಏರಿಸಿದರೆ, ಯಂತ್ರದ ಸೂಜಿಗಳು ಒಂದೊಂದೇ ಕಾರ್ಡನ್ನು ಮುಟ್ಟಿ ನೋಡುತ್ತವೆ. ತೂತು ಸಿಕ್ಕರೆ ಸೂಜಿ ಒಳಗೆ ಹೋಗುತ್ತದೆ, ಅದರ ನೂಲು ಮೇಲೇಳುತ್ತದೆ. ಸಿಗದಿದ್ದರೆ ಸೂಜಿ ಹಿಂದೆ ಸರಿಯುತ್ತದೆ, ನೂಲು ಕೆಳಗೇ ಉಳಿಯುತ್ತದೆ. ಗ್ರಾಫ್ ಹಾಳೆ ನನ್ನ ಬಳಿಯೇ ಇರುತ್ತದೆ. ನೇಯುವವರ ಬಳಿ ಹೋಗುವುದು ತೂತುಗಳು ಮಾತ್ರ. ಅವರು ಆ ತೂತುಗಳನ್ನು ನಂಬಿ ಲಾಳಿ ಎಸೆಯುತ್ತಾರೆ.

ಆ ಮಳೆಗಾಲದ ಶುರುವಿನಲ್ಲಿ ಒಂದು ಮಧ್ಯಾಹ್ನ ಲಕ್ಷ್ಮೇಶ್ವರದಿಂದ ಬಾಯಾರು ಬಂದರು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಶಿಕ್ಷಕಿಯರನ್ನು ನಮ್ಮ ಕಡೆ ಬಾಯಾರು ಎಂದೇ ಕರೆಯುವುದು. ಬಗಲಲ್ಲಿ ಸುರುಳಿ ಸುತ್ತಿದ ಗ್ರಾಫ್ ಹಾಳೆ. ಬಿಚ್ಚಿದರೆ ಅರವತ್ತು ಕಾಲಂ, ನಲವತ್ತು ಸಾಲು, ಸುತ್ತಲೂ ಅಂಚು, ನಡುವೆ ನೀರಿನ ಮೇಲೆ ಅರಳಿದ ಕಮಲ.

"ಇದು ಚಿತ್ರದಂಗ ಕಾಣತೈತಿ, ಖರೆ ಇದೊಂದು ಸಂಖ್ಯಾ ಐತಿ," ಅಂದರು.

"ಕಮಲದಂಗ ಕಾಣೂ ಸಂಖ್ಯಾ ನಾ ನೋಡಿಲ್ರಿ," ಅಂದೆ.

ಬಾಯಾರು ನಕ್ಕು ಸ್ಟೂಲಿನ ಮೇಲೆ ಕೂತರು. "ಬಣ್ಣ ಇದ್ದ ಚೌಕಕ್ಕ ಒಂದು, ಖಾಲಿ ಚೌಕಕ್ಕ ಸೊನ್ನಿ. ಮ್ಯಾಲಿನ ಸಾಲಿನಿಂದ ಪುಸ್ತಕ ಓದಿದಂಗ ಓದ್ರಿ. ಕಟ್ಟಕಡೀ ಚೌಕದ ಬೆಲಿ ಒಂದು. ಅದರ ಎಡಗಡಿದು ಎರಡು, ಅದರ ಎಡಗಡಿದು ನಾಕು, ಹಿಂಗ ದುಪ್ಪಟ್ಟು ಆಕ್ಕೋತ ಹೋಗತೈತಿ. ಬಣ್ಣ ಇದ್ದ ಚೌಕದ ಬೆಲಿ ಅಷ್ಟೂ ಕೂಡಿಸಿದ್ರ ಏಳುನೂರಕ್ಕೂ ಹೆಚ್ಚು ಅಂಕಿ ಇರೂ ಸಂಖ್ಯಾ ಬರತೈತಿ. ಅದು ಅವಿಭಾಜ್ಯ. ಒಂದರಿಂದ ಮತ್ತ ತನ್ನಿಂದ ಬಿಟ್ರ ಯಾವುದರಿಂದನೂ ಭಾಗ ಆಗಂಗಿಲ್ಲ."

"ಅಂದ್ರ ಒಡಿಯಾಕ ಬರಂಗಿಲ್ಲ."

"ಹೂಂ. ಯಾರಿಗೂ ಒಡಿಯಾಕ ಬರಂಗಿಲ್ಲ."

ಶಾಲೆಯಲ್ಲಿ ಹೊಸದಾಗಿ ಒಂದು ಗಣಿತದ ಕೋಣೆ ಮಾಡುತ್ತಿದ್ದರು. ಅದರ ಗೋಡೆಗೆ ಈ ಕಮಲವನ್ನು ಬಟ್ಟೆಯಲ್ಲಿ ನೇಯಿಸಿ ತೂಗುಹಾಕಬೇಕೆಂದು ಬಾಯಾರ ಆಸೆ. ಏಳು, ಹದಿಮೂರು, ಮೂವತ್ತೇಳು ಒಡೆಯುವುದಿಲ್ಲ ಎಂದರೆ ಹುಡುಗಿಯರು ಒಪ್ಪುತ್ತಾರಂತೆ. ಆದರೆ ದೊಡ್ಡ ಸಂಖ್ಯೆ ಅಂದಮೇಲೆ ಎಲ್ಲೋ ಒಂದು ಕಡೆ ಒಡೆದೇ ಒಡೆಯುತ್ತದೆ ಎಂದು ಅವರ ನಂಬಿಕೆ. ಗೋಡೆ ತುಂಬ ಒಡೆಯದ ಸಂಖ್ಯೆಯೊಂದು ದಿನಾ ಕಣ್ಣಿಗೆ ಬೀಳಲಿ ಎಂದು ಬಾಯಾರ ವಿಚಾರ. ಅದರ ಕೆಳಗೆ ನೇಯ್ದವರ ಹೆಸರಿನ ಹಲಗೆ ಹಾಕಿಸುವುದಾಗಿಯೂ ಹೇಳಿದರು. "ನಮ್ಮ ಶಾಲ್ಯಾಗ ದಾನ ಕೊಟ್ಟವರ ಹೆಸರು ಗ್ವಾಡಿ ತುಂಬಾ ಅದಾವು. ಕೈಲೆ ಮಾಡಿದವರದೂ ಒಂದು ಇರಲಿ."

ಚಿತ್ರವನ್ನು ಹೇಗೆ ಹುಡುಕಿದೆ ಎಂದು ಅವರು ಹೇಳಲು ಶುರು ಮಾಡಿದ್ದರು. ಅಷ್ಟರಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದರು. ನಾನು, "ಆತ್ರಿ ಬಾಯಾರ, ಎಲ್ಲಾ ತಿಳೀತು," ಎಂದು ಹಾಳೆ ಸುತ್ತಿಬಿಟ್ಟೆ. ಮೆಟ್ಟಿಲಿಳಿಯುವಾಗ ಅವರು ತಿರುಗಿ ನಿಂತು, "ಒಂದ ಚುಕ್ಕಿನೂ ಆಚಿ ಈಚಿ ಆಗಬಾರದು ನೋಡ್ರಿ," ಅಂದರು. ಈ ಮಾತನ್ನು ನನಗೆ ಎಲ್ಲ ಗಿರಾಕಿಗಳೂ ಹೇಳುತ್ತಾರೆ. ಹೇಳುವವರು ಹೇಳುತ್ತಾರೆ, ಮಾಡುವವನು ಮಾಡುತ್ತಾನೆ.

ಮರುದಿನ ಹಾಳೆಯನ್ನು ಹಲಗೆಗೆ ಅಂಟಿಸಿ ನೋಡಿದೆ. ಕೈ ಚೆನ್ನಾಗಿತ್ತು. ಎಸಳು ಎಸಳೂ ಎರಡು ಕಡೆ ಸರಿಯಾಗಿ ಕೂಡುತ್ತಿದ್ದವು. ಒಂದೇ ಒಂದು ಕಡೆ ಮಾತ್ರ, ಬಲಗಡೆ, ಕೆಳಗಿನ ಎಸಳಿನ ಹತ್ತಿರ ನೀರಿನಲ್ಲಿ ಒಂದು ಚೌಕ ಕೆಂಪಾಗಿತ್ತು. ಎಡಗಡೆ ಅದಕ್ಕೆ ಜೋಡಿ ಇರಲಿಲ್ಲ. ಪಕ್ಕದ ನೂಲಿನ ಅಂಗಡಿಯವನನ್ನು ಕರೆದು, "ನೋಡ ಬಾ ಇಲ್ಲೆ, ಬಾಯಾರ ಕಮಲಕ್ಕ ಮೊಡವಿ ಎದ್ದೈತಿ," ಎಂದು ತೋರಿಸಿದೆ. ಇಬ್ಬರೂ ನಕ್ಕೆವು. ವಯಸ್ಸಾದವರು, ಪೆನ್ನು ಜಾರಿರಬೇಕು ಅಂದುಕೊಂಡೆ. ಆಮೇಲೆ ಎಂದಿನಂತೆ ಎಡಗಡೆಯ ಅರ್ಧವನ್ನು ಮಾತ್ರ ಓದಿಕೊಂಡು, ಬಲಕ್ಕೆ ಅದನ್ನೇ ತಿರುವಿ ತೂತು ಹೊಡೆದೆ. ಮೊಡವೆ ಹೋಯಿತು. ಆ ಚುಕ್ಕಿ ನನಗೆ ಕಂಡಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಕಂಡಿತ್ತು, ಕಂಡೇ ನಕ್ಕಿದ್ದೆ.

ನೇಯಲು ಕೊಟ್ಟಿದ್ದು ಶಿಗ್ಲಿಯ ನೇಕಾರ್ತಿಯೊಬ್ಬರಿಗೆ, ನಾನು ಅಕ್ಕನವರು ಎಂದು ಕರೆಯುವುದು. ಅವರ ಕೈಯ ಹದ ಸಮ. ಬಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಿಗಿ ಇರುತ್ತದೆ. ಬಿಳಿ ಹತ್ತಿಯ ನೆಲದ ಮೇಲೆ ಕೆಂಪು ರೇಷ್ಮೆಯ ಚುಕ್ಕಿ ಎಂದು ಮಾತಾಯಿತು. ಕೆಲಸ ಮಾತ್ರ ನೆಟ್ಟಗೆ ಶುರುವಾಗಲಿಲ್ಲ. ಜಿಟಿಜಿಟಿ ಮಳೆ ಹಿಡಿದು ರಟ್ಟು ತೇವ ಕುಡಿದು ಉಬ್ಬಿತು. ತೂತುಗಳು ಸೂಜಿಗಳಿಗೆ ಸರಿಯಾಗಿ ಎದುರಾಗಲಿಲ್ಲ. ಮೊದಲ ಸಾಲುಗಳ ಅಂಚಿನಲ್ಲೇ ಅಲ್ಲೊಂದು ಇಲ್ಲೊಂದು ಚುಕ್ಕಿ ಬೀಳದೆ ಹೋಯಿತು. ಅಕ್ಕನವರು ಅಷ್ಟನ್ನೂ ಕತ್ತರಿಸಿ ತೆಗೆದು ನನಗೆ ಫೋನು ಮಾಡಿದರು. ನಾನು ಕಾರ್ಡುಗಳನ್ನು ವಾಪಸು ತಂದು, ಒಲೆಯ ಹತ್ತಿರ ಒಣಗಿಸಿ, ಎರಡೂ ಮಗ್ಗುಲಿಗೆ ವಾರ್ನಿಷ್ ಬಳಿದು, ಮತ್ತೆ ಹೆಣೆದು ಕೊಟ್ಟೆ. ಅವರು ಅಷ್ಟರಲ್ಲಿ ಯಂತ್ರಕ್ಕೆ ಎಣ್ಣೆ ಬಿಟ್ಟು ಸಜ್ಜಾಗಿಟ್ಟಿದ್ದರು. ಆಮೇಲೆ ಒಂದು ಚುಕ್ಕಿಯೂ ತಪ್ಪಲಿಲ್ಲ.

ಬಟ್ಟೆ ಇಳಿಸಿ ನನ್ನ ಕೈಗೆ ಕೊಡುವಾಗ ಅಕ್ಕನವರು ಕೇಳಿದರು, "ಹೆಸರು ಖರೇನ ಹಾಕ್ತಾರೇನ್ರಿ?"

"ಹಾಕ್ತಾರ. ಹಲಗಿ ಬರಿಯಾಕ ಕೊಟ್ಟಾರಂತ."

"ಹೆಸರಿನ ಕೂಡ ಊರಿನ ಹೆಸರೂ ಹಾಕಂತ ಹೇಳ್ರಿ. ನಾ ನೇಯ್ದ ಸೀರಿ ಎಲ್ಲೆಲ್ಲಿ ಯಾರ್ಯಾರು ಉಟಗೊಂಡಾರೋ, ಒಬ್ಬರಿಗೂ ನಾ ಗೊತ್ತಿಲ್ಲ. ಇದನ್ನರ ನಮ್ಮ ಮಂದಿಗೆ ಕರಕೊಂಡು ಹೋಗಿ ತೋರಿಸಬಹುದು."

ಹೇಳುತ್ತೇನೆ ಎಂದು ಮಾತು ಕೊಟ್ಟು ಲಕ್ಷ್ಮೇಶ್ವರಕ್ಕೆ ಬಂದೆ. ಬಾಯಾರ ಮನೆಯಲ್ಲಿ ಶಾಲೆಯ ಹೆಡ್ ಮಾಸ್ತರರೂ ಇದ್ದರು. ಕಾಗದ ಸುತ್ತಿದ ಹೆಸರಿನ ಹಲಗೆ ಗೋಡೆಗೆ ಒರಗಿತ್ತು. ಒಂದು ಕಡೆ ಕಾಗದ ಹರಿದು ಶಿಗ್ಲಿ ಎಂಬ ಅಕ್ಷರ ಕಾಣುತ್ತಿತ್ತು. ಕೇಳುವ ಮೊದಲೇ ಊರಿನ ಹೆಸರು ಹಾಕಿಸಿದ್ದರು. ನಾನು ಬಟ್ಟೆಯನ್ನು ಮಂಚದ ಮೇಲೆ ಹಾಸಿದೆ. ಹೆಡ್ ಮಾಸ್ತರರು ಭೇಷ್ ಅಂದರು. ಬಾಯಾರು ಕನ್ನಡಕ ಹಾಕಿಕೊಂಡು ಬಾಗಿ ನೋಡಿದರು, ಬಲಗಡೆ ನೀರಿನ ಹತ್ತಿರ ಬಹಳ ಹೊತ್ತು ನೋಡಿದರು. ಆಮೇಲೆ ಬಟ್ಟೆಯನ್ನು ಉದ್ದುದ್ದಕ್ಕೆ ಅರ್ಧ ಮಡಚಿದರು. ಎಡಗಡೆಯ ಕಮಲದ ಮೇಲೆ ಬಲಗಡೆಯ ಕಮಲ ಕೂತಿತು. ಅಂಚನ್ನು ಎತ್ತಿ ಚುಕ್ಕಿಗೆ ಚುಕ್ಕಿ ಕೂಡಿಸಿ ನೋಡಿದರು.

ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಇದೇ ಪರೀಕ್ಷೆ. ನಾನು ಎದೆಯುಬ್ಬಿಸಿ, "ಒಂದ ಎಳಿ ಹೆಚ್ಚು ಕಡಿಮಿ ಇಲ್ಲ ನೋಡ್ರಿ," ಅಂದೆ.

"ಅದ ತ್ರಾಸ ಆಗೇತಿ," ಅಂದರು ಬಾಯಾರು. "ಇದು ಮೂರರಿಂದ ಒಡೀತೈತಿ."

ಹೆಡ್ ಮಾಸ್ತರರು, ಲೆಕ್ಕ ಮಾಡದೆಯೇ ಅದು ಹೇಗೆ ಗೊತ್ತಾಯಿತು ಎಂದು ಕೇಳಿದರು. ಬಾಯಾರು ಕೆಳಗಿನ ಸಾಲಿನ ಬಲತುದಿಯ ಮೇಲೆ ಬೆರಳಿಟ್ಟರು. "ಇಲ್ಲಿಂದ ಚೌಕದ ಬೆಲಿ ಒಂದು, ಎರಡು, ನಾಕು, ಎಂಟು, ಹದಿನಾರು. ಮೂರರಿಂದ ಭಾಗಿಸಿದ್ರ ಏನು ಉಳಿತೈತಿ? ಒಂದು, ಎರಡು, ಒಂದು, ಎರಡು, ಒಂದು. ಕಾಲಂ ಅರವತ್ತು, ಸಮ ಸಂಖ್ಯಾ, ಅದಕ್ಕ ಎಲ್ಲಾ ಸಾಲೂ ಹಿಂಗ ಸುರು ಆಗತಾವು. ಈಗ ಒಂದು ಚುಕ್ಕಿ 'ಒಂದು' ಉಳಿಯೂ ಚೌಕದಾಗ ಇತ್ತಂದ್ರ, ಅದರ ಕನ್ನಡಿ ಚುಕ್ಕಿ ಖಾಯಂ 'ಎರಡು' ಉಳಿಯೂ ಚೌಕದಾಗ ಬೀಳತೈತಿ. ಒಂದು, ಎರಡು ಕೂಡಿದ್ರ ಮೂರು. ಜೋಡಿ ಜೋಡಿನ ಮೂರರಿಂದ ಭಾಗ ಆಗಿ ಹೋಗತೈತಿ. ಕಮಲ ಎಷ್ಟ ಚಂದ ಇರಲಿ, ಎರಡೂ ಮಗ್ಗಲ ಕೂಡಿತಂದ್ರ ಅದು ಅವಿಭಾಜ್ಯ ಆಗಾಕ ಸಾಧ್ಯನ ಇಲ್ಲ. ಅದಕ್ಕ ನಾ ಜೋಡಿ ಇಲ್ಲದ್ದೊಂದು ಚುಕ್ಕಿ ಇಟ್ಟಿದ್ದೆ. ಒಂದೊಂದ ಚೌಕ ಬದಲಿ ಮಾಡಿ ಕಂಪ್ಯೂಟರಿಗೆ ಹಾಕಿ ನೋಡಿದ್ದೆ. ಬ್ಯಾರೆ ಬ್ಯಾರೆ ಸಂಖ್ಯಾದಿಂದ ಒಡಕೋತನ ಹೋದವು. ಬೆರಳೆಣಿಕಿ ಜಾಗಾದಾಗ ಅಷ್ಟ ಒಡೀಲಿಲ್ಲ. ಅದರಾಗೊಂದು ಆರಿಸಿದ್ದೆ."

ಅಂಗಡಿಯಲ್ಲಿ ಅವರು ಹೇಳಲು ಹೊರಟಿದ್ದು ಇದನ್ನೇ. ನಾನು ಹಾಳೆ ಸುತ್ತಿದ್ದು ಈ ಮಾತಿನ ಮೇಲೆಯೇ. ಮೊಡವೆ ಎಂದು ನಾನು ಅಳಿಸಿದ ಚುಕ್ಕಿಯೇ ಆ ಸಂಖ್ಯೆಯನ್ನು ಹಿಡಿದು ನಿಲ್ಲಿಸಿತ್ತು.

"ಇದು ಕಾರ್ಡಿನ ತಪ್ಪೋ, ಮಗ್ಗದ ತಪ್ಪೋ?" ಹೆಡ್ ಮಾಸ್ತರರು ನನ್ನ ಮುಖ ನೋಡಿ ಕೇಳಿದರು.

"ಕಾರ್ಡು ಸರಿ ಇದ್ದುವ್ರಿ," ಅಂದೆ. "ಮಗ್ಗದಾಗ ಸೂಜಿ ಸಿಕ್ಕೊಂಡಿರಬೇಕು. ಹಸಿ ಹಿಡದು ಮೊದಲೂ ಒಮ್ಮೆ ಹಂಗ ಆಗಿತ್ತು. ನೇಯೂವಾಗ ಅವರು ಲಕ್ಷ್ಯ ಕೊಟ್ಟಿಲ್ಲ."

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿಯೇ ಸೇರಿಸಿದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ನಾನೇ ಎಷ್ಟೋ ಜನರ ಮೇಲೆ ಎಸೆದಿದ್ದೇನೆ. ಆವತ್ತು ನೆಲವೂ ನನ್ನದಲ್ಲ, ಇನ್ನೊಬ್ಬರದು.

ಬಾಯಾರು ತಲೆ ತಗ್ಗಿಸಿ ಬಟ್ಟೆಯ ಮಡಿಕೆ ಬಿಡಿಸುತ್ತಿದ್ದರು. ಹೆಡ್ ಮಾಸ್ತರರು ಎದ್ದು, "ತಪ್ಪಿದ ಬಟ್ಟಿಗೆ ಹೆಸರು ಯಾಕ್ರಿ? ನಾಳೆ ಹುಡುಗ್ಯಾರು ಲೆಕ್ಕಾ ಮಾಡಿ ನಕ್ರ ಆಕಿನ ಹೆಸರ ಹಾಳಾಗತೈತಿ. ಒಂದು ಫ್ಲೆಕ್ಸ್ ಮಾಡಿಸಿ ಹಚ್ಚೂಣು," ಎಂದು ಆ ಹಲಗೆಯನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟರು. ಬಾಯಾರು ಮಾತ್ರ ಫ್ಲೆಕ್ಸಿಗೆ ಒಪ್ಪಲಿಲ್ಲ. ಸೂಜಿಯಿಂದ ಕಸೂತಿ ಹಾಕಿದ ಹಾಗೆ ಆ ಒಂದು ಚುಕ್ಕಿ ತುಂಬಬಹುದೇ ಎಂದು ಅಕ್ಕನವರನ್ನು ಕೇಳಿಕೊಂಡು ಬರಲು ನನಗೇ ಹೇಳಿದರು.

ಲಕ್ಷ್ಮೇಶ್ವರದಿಂದ ಶಿಗ್ಲಿ ದೂರವೇನಲ್ಲ. ದಾರಿಯಲ್ಲಿ ಖರೆ ಹೇಳಿಬಿಡಬೇಕು ಅಂದುಕೊಂಡೆ. ಅಕ್ಕನವರು ನನ್ನನ್ನು ಕಂಡು ನಗುತ್ತ ಹೊರಗೆ ಬಂದಾಗ ಬೇರೆ ಮಾತು ಬಂತು. "ಒಂದು ಚುಕ್ಕಿ ಬಿದ್ದಿಲ್ರಿ. ಸೂಜಿ ಸಿಕ್ಕೊಂಡಿರಬೇಕು," ಅಂದೆ. ಅವರ ಮುಖ ಇಳಿದುಹೋಯಿತು. ನನ್ನ ಕಾರ್ಡಿನ ಮೇಲೆ ಅವರಿಗೆ ಅನುಮಾನದ ಎಳೆಯೂ ಬರಲಿಲ್ಲ.

"ನೀವು ಹೊಡದ ಕಾರ್ಡು ತಪ್ಪಿರಾಂಗಿಲ್ಲ," ಅಂದರು. "ನನ್ನ ಮಗ್ಗನ ಕೈ ಕೊಟ್ಟೈತಿ. ಸೂಜಿಲೆ ತುಂಬೂದು ಬ್ಯಾಡ. ನನ್ನ ಮಗ್ಗದಾಗ ಬಿಟ್ಟಿದ್ದನ್ನ ತೇಪಿ ಹಚ್ಚಿ ಗ್ವಾಡಿಗೆ ಹಾಕಿದ್ರ ಅದರ ಕೆಳಗ ನನ್ನ ಹೆಸರು ಹೆಂಗ ಇರಬೇಕು? ಇನ್ನೊಂದು ನೇಯ್ತೀನಿ ಅಂತ ಬಾಯಾರಿಗೆ ಹೇಳ್ರಿ."

ಹಲಗೆಯ ಮುಖ ಗೋಡೆಗೆ ತಿರುಗಿದೆ ಎಂದು ಅವರಿಗೆ ಹೇಳದೆಯೇ ಬಸ್ಸು ಹತ್ತಿದೆ.

ಅಂಗಡಿಗೆ ಬಂದವನೇ ಗ್ರಾಫ್ ಹಾಳೆ ತೆಗೆದು ಆ ಸಾಲಿಗೆ ಹೊಸ ಕಾರ್ಡು ಹೊಡೆದೆ. ಈ ಸಲ ಒಂದೊಂದು ಚೌಕವನ್ನೂ ಬೆರಳಿಟ್ಟು ಓದಿದೆ. ಹಳೆಯದಕ್ಕೂ ಹೊಸದಕ್ಕೂ ಒಂದೇ ತೂತಿನ ವ್ಯತ್ಯಾಸ. ಅದನ್ನು ಚೀಲದಲ್ಲಿಟ್ಟುಕೊಂಡೆ. ಹಳೆಯ ಕಾರ್ಡು ಹಸಿಗೆ ಉಬ್ಬಿದೆ ಎಂದು ಏನಾದರೂ ನೆಪ ಹೇಳಿ ಬದಲಿಸಿಬಿಡುವುದು, ಹೊಸ ಬಟ್ಟೆ ಸರಿ ಬರುತ್ತದೆ, ಹಲಗೆ ಮತ್ತೆ ಈ ಕಡೆ ತಿರುಗುತ್ತದೆ, ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಇಂಥ ಲೆಕ್ಕದಲ್ಲಿ ನಾನು ಬಹಳ ಚುರುಕು. ಬಸ್ಸು ಮಲ್ಲಸಮುದ್ರ ದಾಟುವ ಹೊತ್ತಿಗೆ ಮನಸ್ಸು ಎಷ್ಟು ಹಗುರಾಗಿತ್ತೆಂದರೆ, ಪಕ್ಕದ ಸೀಟಿನವರ ಕೂಡ ಮಳೆ ಬೆಳೆ ಮಾತಾಡಿದೆ.

ಶಿಗ್ಲಿಯಲ್ಲಿ ಮಗ್ಗದ ಸದ್ದಿರಲಿಲ್ಲ. ಒಳಗೆ ಹೋದರೆ ಜಕಾರ್ಡ್ ಯಂತ್ರ ಕೆಳಗಿಳಿದಿತ್ತು. ಅಕ್ಕನವರು ನೆಲದ ಮೇಲೆ ಹಳೆಯ ಸೀರೆ ಹಾಸಿ, ಯಂತ್ರದ ಸೂಜಿಗಳನ್ನೆಲ್ಲ ಬಿಚ್ಚಿ ಸಾಲಾಗಿ ಜೋಡಿಸಿದ್ದರು. ಒಂದೊಂದನ್ನೇ ಸೀಮೆಎಣ್ಣೆಯಲ್ಲಿ ಅದ್ದಿ, ಬಟ್ಟೆಯಿಂದ ತಿಕ್ಕಿ, ಬಾಗಿಲ ಬೆಳಕಿಗೆ ಹಿಡಿದು, ಡೊಂಕು ಇದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬೆರಳೆಲ್ಲ ಕಪ್ಪಾಗಿದ್ದವು. ಮಗ್ಗದಲ್ಲಿ ಒಂದು ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು.

"ಅವರಿಗೆ ತಡಾ ಆಕ್ಕೈತಿ ಅಂತ ಹೇಳಿ ಕಳಿಸೇನಿ," ಅಂದರು. "ಮೊದಲ ಇದರ ಖಬರ ತಗೋಬೇಕು. ಒಂದು ಸೂಜಿ ಸಿಕ್ಕೊಂಡಿದ್ರ ಆ ಕಾಲಂ ಎಲ್ಲಾ ಹೋಗಬೇಕಿತ್ತು. ಒಂದ ಸಲ ಅಷ್ಟ ಹೆಂಗ ಸಿಕ್ಕೊಂತೋ ಗೊತ್ತಾಗವಲ್ದು." ಹೀಗೆ ಹೇಳುತ್ತ ಕೈಯಲ್ಲಿದ್ದ ಸೂಜಿಯನ್ನು ನನಗೆ ಕೊಟ್ಟರು. "ಇದನ್ನ ನೋಡ್ರಿ. ನನಗ ಸ್ವಲ್ಪ ಡೊಂಕ ಅನಸ್ತೈತಿ. ಡೊಂಕ ಐತಲ್ಲರಿ?"

ಸೂಜಿಯನ್ನು ಬೆಳಕಿಗೆ ಹಿಡಿದೆ. ಅದು ದಾರ ಎಳೆದ ಹಾಗೆ ಸೀದಾ ಇತ್ತು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಆ ಸೂಜಿ ಎಸೆದು ಬೇರೆ ಹಾಕುತ್ತಿದ್ದರು, ನಾನು ಕಾರ್ಡು ಬದಲಿಸುತ್ತಿದ್ದೆ. ಹೌದು ಎಂಬ ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಇಲ್ಲದ ಡೊಂಕನ್ನು ಅವರು ತಮ್ಮ ಸೂಜಿಯಲ್ಲಿ ಕಾಣತೊಡಗಿದ್ದರು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ತಮ್ಮ ಕೈಯಲ್ಲೂ ಕಾಣುತ್ತಿದ್ದರು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

"ಸೀದಾ ಐತ್ರಿ," ಅಂದೆ. "ಎಲ್ಲಾ ಸೀದಾನ ಅದಾವು. ಕಾರ್ಡಿನಾಗ ತೂತ ಇರಲಿಲ್ಲ. ಬಾಯಾರು ಆ ಚುಕ್ಕಿ ಬರದಿದ್ರು. ನಾನ ತಪ್ಪು ಅಂತ ತಿಳದು ಹೊಡೀಲಿಲ್ಲ."

ಅವರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. "ಅವತ್ತ ನಿಮಗ ಗೊತ್ತಿತ್ತೇನು? ಇಲ್ಲಿಗೆ ಬಂದಾಗ?"

"ಗೊತ್ತಿತ್ರಿ."

ನಾನು ಚೀಲದಿಂದ ಹೊಸ ಕಾರ್ಡು ತೆಗೆದು ಮುಂದಿಟ್ಟೆ. ಅದನ್ನು ಅವರು ಮುಟ್ಟಲಿಲ್ಲ. ಸೂಜಿಗಳನ್ನು ಒಂದೊಂದಾಗಿ ಮತ್ತೆ ಸಾಲಿಗೆ ಜೋಡಿಸಿದರು. ಬೈಯಲಿ ಎಂದು ನಾನು ಕಾದೆ, ಬೈದಿದ್ದರೆ ಚೆನ್ನಾಗಿತ್ತು.

"ಆತು," ಅಂದರು ಕೊನೆಗೆ. "ಸೂಜಿ ಸ್ವಚ್ಛ ಆದ್ವು. ಕೂಡ್ರಿ. ಒಂದೊಂದ ಎತ್ತಿ ಕೊಡ್ರಿ."

ಯಂತ್ರಕ್ಕೆ ಸೂಜಿ ಹಾಕುವುದು ಬೇಗ ಮುಗಿಯುವ ಕೆಲಸವಲ್ಲ. ಒಂದೊಂದು ಸೂಜಿಯನ್ನೂ ಅದರದೇ ಕೊಕ್ಕೆಗೆ ಸಿಕ್ಕಿಸಿ, ಅದರದೇ ತೂತಿನಿಂದ ಹೊರಗೆ ತಂದು, ಹಿಂದಿನ ಸ್ಪ್ರಿಂಗಿಗೆ ಕೂರಿಸಬೇಕು. ನಾನು ಎತ್ತಿ ಕೊಡುತ್ತಿದ್ದೆ, ಅವರು ಹಾಕುತ್ತಿದ್ದರು. ನಡುವೆ ಚಹಾ ಬಂತು, ಅದನ್ನೂ ಕುಡಿದೆ. ನಾನು ಹೊರಡುವ ಹೊತ್ತಿಗೆ ಅವರು ಕೇಳಿದರು, "ಬಾಯಾರ ಮನ್ಯಾಗ ನನ್ನ ತಪ್ಪು ಅಂತ ಹೇಳೂವಾಗ ಯಾರ್ಯಾರು ಇದ್ರು?"

"ಬಾಯಾರು, ಹೆಡ್ ಮಾಸ್ತರು."

"ಹಂಗಾರ ಅವರಿಬ್ಬರ ಮುಂದನ ಹೇಳ್ರಿ. ನನ್ನ ಮುಂದ ಹೇಳಿದ್ದು ಸಾಲಂಗಿಲ್ಲ. ನನಗರ ನನ್ನ ಮಗ್ಗ ಗೊತ್ತಿತ್ತು. ಅವರಿಗೆ ಗೊತ್ತಿಲ್ಲ."

ಹೆಡ್ ಮಾಸ್ತರರನ್ನು ಬಾಯಾರ ಮನೆಗೆ ಕರೆಸಿಕೊಂಡು ಹೇಳಿದೆ. ಮೊದಲ ಸಲ ಮಾತು ನೆಟ್ಟಗೆ ಬರಲಿಲ್ಲ. ಹಸಿ, ಗಡಿಬಿಡಿ, ಗಿರಾಕಿ ಎಂದು ಸುತ್ತಿ ಬಳಸಿ ಎಲ್ಲೋ ಹೋಯಿತು. ಬಾಯಾರು ಕೈ ಎತ್ತಿದರು. "ಮೊದಲಿಂದ ಹೇಳ್ರಿ," ಅಂದರು, ತರಗತಿಯಲ್ಲಿ ಹೇಳುವಂತೆ. ಆಗ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊಡವೆಯ ಮಾತನ್ನೂ ಹೇಳಿದೆ. ಹೆಡ್ ಮಾಸ್ತರರು, ಹೋಗಲಿ ಬಿಡ್ರಿ, ಆಗತಾವು ಎಂದು ಗಂಟಲು ಸರಿ ಮಾಡಿಕೊಂಡರು.

"ನನಗ ಅವತ್ತ ಅನುಮಾನ ಬಂದಿತ್ತು," ಅಂದರು ಬಾಯಾರು. "ಇಷ್ಟು ಸಾವಿರ ಚೌಕದಾಗ ಜೋಡಿ ಇಲ್ಲದ್ದೊಂದನ್ನ ಹುಡುಕಿ ಬಿಡೂವಷ್ಟು ಬುದ್ಧಿ ಮಗ್ಗಕ್ಕ ಇರಂಗಿಲ್ಲ. ಮನಷ್ಯಾಗ ಇರತೈತಿ. ನೀವ ಹೇಳ್ತೀರಿ ಅಂತ ಕಾದೆ. ಕಾಯಬಾರದಿತ್ತು. ಅಷ್ಟರಾಗ ಆ ಹೆಣಮಗಳು ಮಗ್ಗಾ ಬಿಚ್ಚಿ ಕುಂತ್ಲು. ಅದು ನನ್ನ ಪಾಲು."

ಅವರು ತಮ್ಮ ಪಾಲನ್ನು ತೆಗೆದುಕೊಂಡಿದ್ದರಿಂದ ನನ್ನದು ಏನೂ ಕಡಿಮೆಯಾಗಲಿಲ್ಲ. ನನ್ನ ಸುಳ್ಳನ್ನು ಕೇಳಿ, ಅದು ಸುಳ್ಳೆಂದು ತಿಳಿದೇ, ತಲೆ ತಗ್ಗಿಸಿ ಬಟ್ಟೆ ಬಿಡಿಸುತ್ತಿದ್ದ ಆ ಕೈಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ. ಹೆಡ್ ಮಾಸ್ತರರು ಎದ್ದು ಹಲಗೆಯನ್ನು ಮತ್ತೆ ಈ ಕಡೆ ತಿರುಗಿಸಿದರು.

ಎರಡನೆಯ ಬಟ್ಟೆಗೆ ಮೊದಲು ಬಾಯಾರು ಬೆಟಗೇರಿಗೆ ಬಂದು ನನ್ನ ಅಂಗಡಿಯಲ್ಲಿ ಕೂತರು. ಅವರು ಗ್ರಾಫಿನ ಸಾಲನ್ನು ಎಡತುದಿಯಿಂದ ಬಲತುದಿಯವರೆಗೆ ಒಂದು, ಸೊನ್ನೆ ಎಂದು ಓದುವುದು, ನಾನು ಕಾರ್ಡನ್ನು ಬೆಳಕಿಗೆ ಹಿಡಿದು ತೂತು, ಖಾಲಿ ಎಂದು ಹೇಳುವುದು. ಪೂರ್ತಿ ಚಿತ್ರ, ಎರಡೂ ಅರ್ಧ. ದಡ್ಡರ ಕೆಲಸ ಎಂದು ನಗುತ್ತಿದ್ದ ಕೆಲಸವನ್ನು ಆವತ್ತು ಮಾಡಿದೆ. ನೂಲಿನ ಅಂಗಡಿಯವನು ಇಣುಕಿ, "ಮೊಡವಿ ಹೆಂಗೈತ್ರಿ?" ಅಂದ. ಬಾಯಾರು ನನ್ನ ಕಡೆ ನೋಡಲಿಲ್ಲ. ನಾನು ಮುಂದಿನ ಕಾರ್ಡನ್ನು ಬೆಳಕಿಗೆ ಹಿಡಿದೆ.

ಅಕ್ಕನವರು ಮೊದಲು ಆ ಮದುವೆ ಸೀರೆ ಮುಗಿಸಿ ಕೊಟ್ಟು, ಆಮೇಲೆ ಇದನ್ನು ನೇಯ್ದರು. ನೇಯುವುದು ಆ ಸಾಲಿಗೆ ಬಂದ ದಿನ ನನಗೆ ಫೋನು ಮಾಡಿ, "ಬಿತ್ತು," ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಬಟ್ಟೆ ಇಳಿದ ಮೇಲೆ ಬಾಯಾರು ಅದನ್ನೇ ನೋಡಿ ಚುಕ್ಕಿ ಚುಕ್ಕಿಯನ್ನೂ ಕಂಪ್ಯೂಟರಿಗೆ ತುಂಬಿಸಿ ಪರೀಕ್ಷೆ ಮಾಡಿಸಿದರು. ಒಡೆಯಲಿಲ್ಲ.

ಗಣಿತದ ಕೋಣೆ ತೆರೆಯುವ ದಿನ ಹೋದಾಗ ಗೋಡೆಯ ಮೇಲೆ ಎರಡೂ ಬಟ್ಟೆಗಳಿದ್ದವು. ಎಡಕ್ಕೆ ಮೊದಲನೆಯದು, ಬಲಕ್ಕೆ ಎರಡನೆಯದು. ಒಡೆಯುವುದು ಯಾವುದು, ಒಡೆಯದ್ದು ಯಾವುದು, ಯಾಕೆ, ಎಂದು ಹುಡುಗಿಯರು ಪಕ್ಕಪಕ್ಕದಲ್ಲೇ ನೋಡಲಿ ಎಂದು ಬಾಯಾರು ಹಾಗೆ ಹಾಕಿಸಿದ್ದರು. ಬಲಗಡೆಯದರ ಕೆಳಗೆ ಅಕ್ಕನವರ ಹೆಸರು, ಅದರ ಕೂಡ ಶಿಗ್ಲಿ. ಎಡಗಡೆಯದರ ಕೆಳಗೆ ಏನೂ ಇರಲಿಲ್ಲ. ಅಕ್ಕನವರು ಮನೆಮಂದಿಯನ್ನೆಲ್ಲ ಕರೆತಂದಿದ್ದರು. ನಾನು ಹಿಂದೆ ಬಾಗಿಲ ಹತ್ತಿರ ನಿಂತುಕೊಂಡೆ.

ಗದಗಿನಿಂದ ಬಂದಿದ್ದ ಅತಿಥಿಗಳು ರಿಬ್ಬನ್ ಕತ್ತರಿಸಿ ನೇರವಾಗಿ ಎಡಗಡೆಯ ಬಟ್ಟೆಯ ಮುಂದೆ ನಿಂತರು. ಬರುವವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ, ಈಗಲೂ. "ಆಹಾ, ಏನು ಚಂದ ಕೂಡೇತ್ರಿ ಎರಡೂ ಕಡಿ," ಅಂದರು ಅತಿಥಿಗಳು. ಆಮೇಲೆ ಬಲಕ್ಕೆ ನೋಡಿ, "ಇದರಾಗ ಏನೋ ಒಂದು ಚುಕ್ಕಿ ತಪ್ಪಿ ಬಿದ್ದೈತಲ್ಲ," ಎಂದು ಮತ್ತೆ ಎಡಕ್ಕೇ ತಿರುಗಿದರು. "ಇದಕ್ಕ ಹೆಸರ ಇಲ್ಲ. ಯಾರದಿದು?"

ಅಕ್ಕನವರು ತಿರುಗಿ, ಅಷ್ಟು ಜನರ ನಡುವೆ ನನ್ನನ್ನು ಹುಡುಕಿ, ಕೈ ಮಾಡಿ ತೋರಿಸಿದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕುಹಕವೂ ಇರಲಿಲ್ಲ.

"ಅದು ಪೂರ್ತಿ ಇವರದ್ರಿ," ಅಂದರು.

ಅತಿಥಿಗಳು ಜನರನ್ನು ಸರಿಸಿಕೊಂಡು ಬಂದು ನನ್ನ ಕೈ ಹಿಡಿದು ಕುಲುಕಿದರು. ಇಂಥ ಕೈಗಳು ಈಗ ಎಲ್ಲಿ ಸಿಗುತ್ತವೆ ಎಂದು ಸುತ್ತಲಿನವರಿಗೆ ಹೇಳಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅದು ಒಡೀತೈತ್ರಿ. ಮೂರರಿಂದ," ಅಂದಳು. ಅವರಿಗೆ ಅದು ತಿಳಿಯಲಿಲ್ಲ. ನಗುತ್ತ ಅವಳ ಕಡೆ ತಲೆಯಾಡಿಸಿದರು, ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.